ಸ್ಪಷ್ಟನೆ: ಕರ್ಪೂರ ಮೂಸಿದರೆ ಮುಕ್ತಿನಾಥದಲ್ಲಿ ಆಮ್ಲಜನಕ ಹೆಚ್ಚುವುದಿಲ್ಲ

ಉಡುಪಿ, ಮಂಗಳೂರಿನಿಂದ ನೇಪಾಳದ ಮುಕ್ತಿನಾಥ ದೇಗುಲಕ್ಕೆ ಹೊರಡುವವರ ನಡುವೆ ಒಂದು ವಾಟ್ಸಾಪ್ ಸಂದೇಶ ಓಡಾಡುತ್ತಿದೆ: 'ಕರ್ಪೂರ, ಲವಂಗ, ಓಮದ ಗಂಟನ್ನು ಚೆಕ್-ಇನ್ ಬ್ಯಾಗಿನಲ್ಲಿಡಿ, ಮೇಲೆ ಮೂಸಿದರೆ ಆಮ್ಲಜನಕ ಏರುತ್ತದೆ.' ಎರಡೂ ಮಾತು ತಪ್ಪು.

ಕರ್ಪೂರದ ಘಾಟಿಗೆ ಮೂಗು ತೆರೆದಂತೆ ಅನಿಸುತ್ತದೆ, ಅಷ್ಟೇ. ರಕ್ತದ ಆಮ್ಲಜನಕ ಏರುವುದಿಲ್ಲ. ನಾವು ಸಮುದ್ರಮಟ್ಟದವರು, ಮುಕ್ತಿನಾಥ 3,700 ಮೀಟರಿಗೂ ಮೇಲಿದೆ. ಪೋಖರಾದಿಂದ ಒಂದೇ ದಿನಕ್ಕೆ ಜೀಪಿನಲ್ಲಿ ಏರಿದರೆ ತಲೆನೋವು, ವಾಂತಿ ಶುರುವಾಗಬಹುದು. ದಾರಿಯಲ್ಲಿ ಸಿಗುವ, ಸುಮಾರು 2,700 ಮೀಟರಿನ ಜೋಮ್ಸೋಮ್‌ನಲ್ಲಿ ಒಂದು ರಾತ್ರಿ ತಂಗಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಬೇಕೇ ಎಂದು ಊರಲ್ಲೇ ವೈದ್ಯರನ್ನು ಕೇಳಿ. ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಮೊದಲೇ ಹೇಳಿ. ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ದರ್ಶನಕ್ಕೆ ಕಾಯದೆ ಕೂಡಲೇ ಕೆಳಗಿಳಿಸಿ.

ಇನ್ನು ಬ್ಯಾಗಿನ ವಿಷಯ. ಕರ್ಪೂರ ಬೇಗ ಹೊತ್ತಿಕೊಳ್ಳುವ ವಸ್ತು, ವಿಮಾನದಲ್ಲಿ ಒಯ್ಯುವಂತಿಲ್ಲ. ನಮ್ಮವರು ಪೂಜೆಗೆಂದು ತುಂಬುವ ಒಣ ಕೊಬ್ಬರಿಯೂ ಅಷ್ಟೇ: ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಉರಿಯಬಲ್ಲದು. ಬೆಂಕಿಪೊಟ್ಟಣವನ್ನೂ ಚೆಕ್-ಇನ್‌ನಲ್ಲಿ ಇಡಬೇಡಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ; 20,000 ಎಂಎಎಚ್‌ನದ್ದು ಸುಮಾರು 74 ವ್ಯಾಟ್-ಅವರ್, ವಿಮಾನದ 100 ವ್ಯಾಟ್-ಅವರ್ ಮಿತಿಯೊಳಗೇ ಬರುತ್ತದೆ.

ಆ ಗಂಟಿನ ಜಾಗದಲ್ಲಿ ಒಣ ಬೈರಾಸು, ಉಣ್ಣೆ ಟೋಪಿ, ಒಂದು ಜೊತೆ ಬಟ್ಟೆ ಇಡಿ. ದೇಗುಲದ 108 ಧಾರೆಗಳ ಹಿಮದಂಥ ನೀರಿಗೆ ತಲೆಯೊಡ್ಡಿ ಓಡುವ ಆತುರ ಬೇಡ, ನಿಧಾನವಾಗಿ ನಡೆಯಿರಿ, ಹೊರಬಂದ ಕೂಡಲೇ ಒದ್ದೆ ಬಟ್ಟೆ ಬದಲಿಸಿ.