ಚೀಟಿ ಇಲ್ಲದೆ ಸಿಗುವ ಟ್ಯೂಬು

ತಲೆಗೆ ಕೊಬ್ಬರಿ ಎಣ್ಣೆ ಮೆತ್ತಿಕೊಂಡು, ಹಳೇ ಟವೆಲ್ ಸುತ್ತಿಕೊಂಡು ಕೂತಿದ್ದೇನೆ. ತೊಳೆಯಲು ಇನ್ನೂ ಒಂದು ಗಂಟೆ ಇದೆ. ಅಷ್ಟರಲ್ಲಿ ಸಂಜೆಯ ಸಿಟ್ಟನ್ನು ಇಲ್ಲಿ ಇಳಿಸಿಬಿಡುತ್ತೇನೆ. ಉದ್ದ ಆಗುತ್ತದೆ. ಪುರುಸೊತ್ತಿಲ್ಲದವರು ಈಗಲೇ ಲೈಕ್ ಒತ್ತಿ ಮುಂದೆ ಹೋಗಬಹುದು, ಬೇಜಾರಿಲ್ಲ.

ಸ್ಕೂಲು ಮುಗಿಸಿ ಬರುವಾಗ ಹಾಸನದ ಒಂದು ಮೆಡಿಕಲ್ ಶಾಪಿಗೆ ಹೋಗಿದ್ದೆ. ನನ್ನ ತಿಂಗಳ ರೇಷನ್ ತರಬೇಕಿತ್ತು. ಮುಂದೆ ಒಬ್ಬ ಹುಡುಗ ನಿಂತಿದ್ದ, ಇಪ್ಪತ್ತು ಇಪ್ಪತ್ತೆರಡು ಇರಬಹುದು. ಆಲೂರು ಬಸ್ಸಿಗೆ ಹೊತ್ತಾಯಿತು ಅನ್ನುವ ಅವಸರ ಬೇರೆ. ಅಂಗಿ ತೋಳು ಮೇಲೆತ್ತಿ ಮೊಣಕೈ ತೋರಿಸಿದ. ಕೆಂಪು ತೇಪೆ, ಅಂಚಿಗೆ ಗೆರೆ ಎಳೆದ ಹಾಗೆ, ಮೇಲೆ ಬೆಳ್ಳಿ ಬಣ್ಣದ ಹೊಟ್ಟು. ನಾನು ಡಾಕ್ಟರಲ್ಲ, ತಪ್ಪಿರಲೂಬಹುದು. ಆದರೆ ನನಗೆ ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಇದೆ, 19 ವರ್ಷದಿಂದ ಅದೇ ತೇಪೆಯನ್ನು ನನ್ನ ಮೈಮೇಲೆ ನೋಡುತ್ತಿದ್ದೇನೆ. ನೆಂಟರ ಗುರುತು ಸಿಗುವುದಿಲ್ಲವಾ?

"ಅಣ್ಣಾ, ಹುಳುಕಡ್ಡಿ ಇರ್ಬೇಕು, ಏನಾದ್ರೂ ಕೊಡಿ" ಅಂದ. ಕೌಂಟರಿನವರು ಮೊಬೈಲಿನಿಂದ ಅರ್ಧ ಕಣ್ಣೆತ್ತಿ ನೋಡಿದರು. ಕೈ ತಾನಾಗಿಯೇ ಹಿಂದಿನ ಶೆಲ್ಫಿಗೆ ಹೋಯಿತು. ಒಂದು ಟ್ಯೂಬು ಬಂತು. "ಬೆಳಗ್ಗೆ ಸಾಯಂಕಾಲ ಹಚ್ಚು ಕಣಪ್ಪ. ಎರಡೇ ದಿನ, ಮಾಯ." ಹುಡುಗ ದುಡ್ಡು ಕೊಟ್ಟ, ಓಡಿದ. ಎಲ್ಲ ಸೇರಿ ಒಂದು ನಿಮಿಷ ಆಗಿಲ್ಲ.

ಆಮೇಲೆ ನನ್ನ ಸರದಿ. ಟಾರ್ ಶಾಂಪೂ ಕೇಳಿದೆ. "ಆರ್ಡರ್ ಹಾಕ್ಬೇಕು ಮೇಡಂ, ಎರಡು ದಿನ ಆಗುತ್ತೆ." 3 ಪರ್ಸೆಂಟ್ ಸ್ಯಾಲಿಸಿಲಿಕ್ ಆಸಿಡ್ ಮುಲಾಮು? "ಅದು ಯಾರೂ ಕೇಳಲ್ಲ ಮೇಡಂ, ಇಡೋದೇ ಇಲ್ಲ." ಕೊನೆಗೆ ಒಂದು ಡಬ್ಬ ಪೆಟ್ರೋಲಿಯಂ ಜೆಲ್ಲಿ ಹಿಡಿದುಕೊಂಡು ಬಂದೆ.

ನನ್ನ ತಕರಾರು ಇಷ್ಟೇ. ಡಾಕ್ಟರ ಹತ್ತಿರ ಚೀಟಿ ಬರೆಸಿ ತರಬೇಕಾದ್ದು ಚೀಟಿ ಇಲ್ಲದೆ ಸಿಗುತ್ತದೆ. ಚೀಟಿ ಇಲ್ಲದೆ ಧೈರ್ಯವಾಗಿ ಕೊಡಬಹುದಾದ್ದು ಅಂಗಡಿಯಲ್ಲೇ ಇರುವುದಿಲ್ಲ.

ಆ ಟ್ಯೂಬು ನನಗೆ ಚೆನ್ನಾಗಿ ಗೊತ್ತು. ಒಂದೇ ಟ್ಯೂಬಿನಲ್ಲಿ ಮೂರು: ಫಂಗಸ್ಸಿಗೊಂದು, ಬ್ಯಾಕ್ಟೀರಿಯಾಕ್ಕೊಂದು, ಜೊತೆಗೆ ಕ್ಲೋಬೆಟಾಸಾಲ್ ಅನ್ನುವ ಸ್ಟೀರಾಯ್ಡ್. ಕ್ಲೋಬೆಟಾಸಾಲ್ ಅಂದರೆ ಹಚ್ಚುವ ಸ್ಟೀರಾಯ್ಡುಗಳಲ್ಲೇ ಅತಿ ಜೋರಿನ ಗುಂಪಿನದು. ಸತತವಾಗಿ ಎರಡು ವಾರ, ವಾರಕ್ಕೆ 50 ಗ್ರಾಂ ಮೀರಬಾರದು ಅನ್ನುವುದು ಅದರ ಲೆಕ್ಕ. ಹಾಗಂತ ಅದು ವಿಷವೇನಲ್ಲ. ಡಾಕ್ಟರು ಎಲ್ಲಿಗೆ, ಎಷ್ಟು, ಎಷ್ಟು ದಿನ ಅಂತ ಹೇಳಿ ಕೊಟ್ಟರೆ ಬಹಳ ಒಳ್ಳೆಯ ಔಷಧ. ಆ ಹುಡುಗನದ್ದು ಸೋರಿಯಾಸಿಸ್ ಆಗಿದ್ದರೆ ಎರಡು ದಿನಕ್ಕಲ್ಲದಿದ್ದರೂ ವಾರದಲ್ಲಿ ತೇಪೆ ತೆಳ್ಳಗಾಗುತ್ತದೆ. ಖುಷಿಯಾಗುತ್ತಾನೆ. ನಿಲ್ಲಿಸುತ್ತಾನೆ. ಅದು ವಾಪಸ್ ಬರುತ್ತದೆ. ಇನ್ನೊಂದು ಟ್ಯೂಬು. ನಿಜವಾಗಿಯೂ ಹುಳುಕಡ್ಡಿಯೇ ಆಗಿದ್ದರೂ ಅದು ತಪ್ಪು ಟ್ಯೂಬೇ. ಸ್ಟೀರಾಯ್ಡು ಮೇಲಿನ ಕೆಂಪು, ಕಡಿತ ಇಳಿಸುತ್ತದೆ, ಅಡಿಯಲ್ಲಿ ಫಂಗಸ್ ಆರಾಮಾಗಿ ಹಬ್ಬುತ್ತದೆ. ಯಾವ ಕಡೆಯಿಂದ ನೋಡಿದರೂ ಗೆಲ್ಲುವುದು ಅಂಗಡಿ ಮಾತ್ರ.

ಕಾನೂನು ಇಲ್ಲವಾ ಅಂದರೆ, ಇದೆ. ಚರ್ಮವೈದ್ಯರು ವರ್ಷಗಟ್ಟಲೆ ಬಾಯಿ ಬಡಿದುಕೊಂಡ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡುಗಳಲ್ಲಿ ಇನ್ನೂ 14 ಹೆಸರನ್ನು ಚೀಟಿ ಬೇಕಾದ ಔಷಧಗಳ ಪಟ್ಟಿಗೆ ಸೇರಿಸಿತು. ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕು ಅಂತ ಟ್ಯೂಬಿನ ಮೇಲೆ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದೂ ಇರುತ್ತದೆ. ಆಲೂರು ಬಸ್ಸಿನ ಬೆಳಕಿನಲ್ಲಿ ಅದನ್ನು ಓದುವವರು ಯಾರು?

ನೀವು ಕೇಳುತ್ತೀರಿ, ಅಷ್ಟೆಲ್ಲ ಗೊತ್ತಿದ್ದೂ ನೀನು ಯಾಕೆ ಅಲ್ಲೇ ಹೇಳಲಿಲ್ಲ ಅಂತ. ಹೇಳಲಿಲ್ಲ. ನಮ್ಮ ಸ್ಕೂಲಿನ ಇಬ್ಬರು ಮಕ್ಕಳ ಅಪ್ಪಂದಿರು ಪಕ್ಕದಲ್ಲೇ ನಿಂತಿದ್ದರು. ನಾನು ಬ್ಲೌಸಿನ ತೋಳನ್ನು ಇನ್ನೂ ಸ್ವಲ್ಪ ಕೆಳಗೆ ಎಳೆದುಕೊಂಡೆ. ಮಕ್ಕಳು ನನಗೆ ಇಟ್ಟಿರುವ ಹೆಸರೇ ಉದ್ದತೋಳು ಮಿಸ್. ಮನಸ್ಸು ಗಟ್ಟಿ ಮಾಡಿಕೊಂಡು ಆಚೆ ಬರುವಷ್ಟರಲ್ಲಿ ಹುಡುಗ ಇರಲಿಲ್ಲ. ಹಾಗಾಗಿ ಈ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲೆಯೇ.

ಇನ್ನೊಂದು ವಿಷಯ. ನಾನೂ ಆ ಟ್ಯೂಬಿನವಳೇ. ಶುರುವಿನ ಮೂರು ವರ್ಷ ಅದನ್ನೇ ಹಚ್ಚಿದೆ. ಮೊಣಕೈ, ಮಂಡಿ, ತಲೆ, ಆಮೇಲೆ ಕಂಕುಳು. ಮದುವೆ ಮನೆಗೆ ಹೋಗುವ ವಾರ ಜಾಸ್ತಿ, ಪರೀಕ್ಷೆ ಡ್ಯೂಟಿ ಇದ್ದರೆ ಇನ್ನೂ ಜಾಸ್ತಿ. ಕಂಕುಳಲ್ಲಿ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳುವಾಗಿ ಗೆರೆ ಬಿದ್ದಿತು. ಆ ಗೆರೆ ಇವತ್ತಿಗೂ ಹೋಗಿಲ್ಲ. ಒಂದು ದಿನ ಯಾರೋ "ಅದು ಸ್ಟೀರಾಯ್ಡ್ ಕಣೇ" ಅಂದರು, ಹೆದರಿ ಪೂರ್ತಿ ನಿಲ್ಲಿಸಿದೆ. ಅದು ಇನ್ನೊಂದು ತಪ್ಪು. ಹಂತಹಂತವಾಗಿ ಕಮ್ಮಿ ಮಾಡಬೇಕಿತ್ತು. ಹತ್ತು ದಿನದಲ್ಲಿ ಮೈಯೆಲ್ಲ ಕೆಂಪು, ಸಾಸಿವೆ ಕಾಳಿನಂಥ ಕೀವಿನ ಗುಳ್ಳೆ, ಚಳಿ ಜ್ವರ. ಆಸ್ಪತ್ರೆಯಲ್ಲಿ 9 ದಿನ ಮಲಗಿದೆ. ಈಗ ಅದೇ ಟ್ಯೂಬು ಗಿರಾಕಿಯ ಕೈಗೆ ಹೋಗುವುದನ್ನು ನೋಡಿದರೆ ನನಗೆ ಆ ಹಾಸಿಗೆಯ ವಾಸನೆ ಬರುತ್ತದೆ.

ನಮ್ಮ ಕಾಯಿಲೆಯ ಲೆಕ್ಕ ಸುಲಭ. ಬೇರೆಯವರ ಚರ್ಮದಲ್ಲಿ ಹೊಸ ಕೋಶ ಅಡಿಯಲ್ಲಿ ಹುಟ್ಟಿ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ನಮ್ಮಲ್ಲಿ ಮೂರು ನಾಲ್ಕು ದಿನಕ್ಕೇ ಎಲ್ಲ ಮುಗಿಯುತ್ತದೆ. ಮೈ ಕಾಯುವ ವ್ಯವಸ್ಥೆಗೆ ಸುಮ್ನೆ ಗಾಬರಿ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ತಲೆ ಆಡಿಸಿ, ಒಂದು ಹೆಜ್ಜೆ ಹಿಂದೆ ಸರಿದು, "ಹೌದೌದು, ಗೊತ್ತು" ಅನ್ನುತ್ತಾರೆ. ಒಮ್ಮೆ ಮಾತ್ರ ಲಾಭ ಆಗಿದೆ. ಹಾಸನಾಂಬೆಯ ಸಾಲಿನಲ್ಲಿ ತೋಳು ಸರಿದು ನನ್ನ ಮೊಣಕೈ ಕಂಡಿತು. ಹಿಂದಿನವರು ಎರಡು ಅಡಿ ಜಾಗ ಬಿಟ್ಟರು. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ದೇವಿಯ ಸಾಲಿನಲ್ಲಿ ಎರಡು ಅಡಿ ಜಾಗ ಅಂದರೆ ಸುಮ್ನೆನಾ?

ನಮ್ಮ ದೊಡ್ಡಮ್ಮನ ಪ್ರಕಾರ ಇದು ನಾಗದೋಷ. ಬಿಸಿಲೆ ಘಾಟಿ ಇಳಿದು ಎರಡು ಸಲ ಕುಕ್ಕೆಗೆ ಹೋಗಿ ಬಂದೆ. ದರ್ಶನ ಚೆನ್ನಾಗಾಯಿತು, ಕಾಡೂ ಚೆನ್ನಾಗಿತ್ತು. ದೇವರ ಮೇಲೆ ನನಗೆ ದೂರಿಲ್ಲ. ಆದರೆ ಹಾವು ವರ್ಷಕ್ಕೆ ಕೆಲವು ಸಲ ಪೊರೆ ಬಿಡುತ್ತದೆ, ನಾನು ವಾರಕ್ಕೆ ಎರಡು ಸಲ. ಈ ವಿಷಯದಲ್ಲಿ ನಾಗಪ್ಪನೇ ನನ್ನನ್ನು ನೋಡಿ ಕಲಿಯಬೇಕು. ಅದೇ ದೊಡ್ಡಮ್ಮ ಇನ್ನೊಮ್ಮೆ ಎಕ್ಕದ ಹಾಲು ಹಚ್ಚಿಸಿದರು. ಸುಟ್ಟು ಬೊಬ್ಬೆ ಎದ್ದಿತು, ಬೊಬ್ಬೆ ಆರಿದ ಜಾಗದಲ್ಲಿ ಹೊಸ ತೇಪೆ ಹುಟ್ಟಿತು. ಸೋರಿಯಾಸಿಸ್ಸಿನ ಬುದ್ಧಿಯೇ ಹಾಗೆ. ಎಲ್ಲಿ ಗಾಯವೋ ಅಲ್ಲಿ ಬಂದು ಕೂರುತ್ತದೆ. ಬಳೆ ಗೀರಿದ ಜಾಗದಲ್ಲೂ ನನಗೆ ಬಂದಿದೆ. ಕೋಬ್ನರ್ ಅನ್ನುವ ಜರ್ಮನ್ ವೈದ್ಯ ಇದನ್ನು 19ನೇ ಶತಮಾನದಲ್ಲೇ ಗುರುತಿಸಿದ್ದ. ಹಾಗಾಗಿ ಹೊಟ್ಟನ್ನು ಉಗುರಿನಲ್ಲಿ ಕೆರೆದು ಕೀಳಬೇಡಿ. ನಾನು ಕೀಳುತ್ತೇನೆ, ಟೀವಿ ನೋಡುವಾಗ. ಅದು ಬೇರೆ ವಿಷಯ.

ಹಾಗಾದರೆ ಚೀಟಿ ಇಲ್ಲದೆ ಏನು ಮಾಡಬಹುದು? ಬಹಳ ಬೋರು ಹೊಡೆಸುವ ಕೆಲಸ. ಅದಕ್ಕೇ ಅದನ್ನು ಯಾರೂ ಮಾರುವುದಿಲ್ಲ.

ಸ್ನಾನ ಉಗುರು ಬೆಚ್ಚಗಿನ ನೀರಿನಲ್ಲಿ, ಹತ್ತು ನಿಮಿಷದೊಳಗೆ. ಟವೆಲ್ಲಿನಲ್ಲಿ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿ ಇರುವಾಗಲೇ ಪೆಟ್ರೋಲಿಯಂ ಜೆಲ್ಲಿ. ಮೈ ಒಣಗಿದ ಮೇಲೆ ಹಚ್ಚಿದರೆ ಅರ್ಧ ದುಡ್ಡು ದಂಡ. ಬೇಸಿಗೆಯಲ್ಲಿ ಜೆಲ್ಲಿ ಅಂಟಂಟು ಅನ್ನಿಸಿದರೆ ಕೊಬ್ಬರಿ ಎಣ್ಣೆ. ಇದರಿಂದ ಕಾಯಿಲೆ ಹೋಗುವುದಿಲ್ಲ. ಆದರೆ ಹೊಟ್ಟು ಮೆತ್ತಗಾಗುತ್ತದೆ, ಬಿರುಕು ಬಿಡುವುದಿಲ್ಲ, ಕಡಿತ ಕಮ್ಮಿ. ನಮ್ಮೂರಿನ ಡಿಸೆಂಬರ್ ಜನವರಿಯ ಒಣ ಚಳಿಯಲ್ಲಿ ನನ್ನನ್ನು ಉಳಿಸುವುದು ಇದೇ ಡಬ್ಬ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಜೆಲ್ಲಿ ಹೀರಿಕೊಂಡ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಒಗೆದರೂ ಪೂರ್ತಿ ಹೋಗುವುದಿಲ್ಲ. ಬ್ರಿಟನ್ನಿನ ಔಷಧ ಇಲಾಖೆ 2018ರಲ್ಲಿ ಈ ಬಗ್ಗೆ ಎಚ್ಚರಿಸಿತ್ತು. ಹಂಡೆ ಒಲೆಗೆ ಬೆಂಕಿ ಹಾಕುವಾಗ ಆ ನೈಟಿ ಬೇಡ.

ದಪ್ಪ ಹೊಟ್ಟಿಗೆ ಸ್ಯಾಲಿಸಿಲಿಕ್ ಆಸಿಡ್. ಅದು ಹೊಟ್ಟಿನ ಅಂಟು ಸಡಿಲಿಸುತ್ತದೆ, ಅಷ್ಟೇ ಅದರ ಕೆಲಸ. ಅಮೆರಿಕದಲ್ಲಿ ಸೋರಿಯಾಸಿಸ್ಸಿಗೆ ಚೀಟಿ ಇಲ್ಲದೆ ಮಾರಲು ಒಪ್ಪಿರುವ ಔಷಧ ಮುಖ್ಯವಾಗಿ ಎರಡೇ: 1.8ರಿಂದ 3 ಪರ್ಸೆಂಟಿನ ಸ್ಯಾಲಿಸಿಲಿಕ್ ಆಸಿಡ್, 0.5ರಿಂದ 5 ಪರ್ಸೆಂಟಿನ ಕೋಲ್ ಟಾರ್. ಸ್ಯಾಲಿಸಿಲಿಕ್ ಅನ್ನು ಮೈತುಂಬ ಬಳಿದುಕೊಳ್ಳಬಾರದು, ರಕ್ತಕ್ಕೆ ಸೇರುತ್ತದೆ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಕೇಳದೆ ಹಚ್ಚಬಾರದು. ಇಷ್ಟು ಗೊತ್ತಿದ್ದರೆ ಸಾಕು.

ಟಾರ್ ಅಂದರೆ ಕಲ್ಲಿದ್ದಲಿನ ಡಾಂಬರೇ. ತಲೆಗೆ ಶಾಂಪೂ ಹಚ್ಚಿ ಹತ್ತು ನಿಮಿಷ ಕಾಯಬೇಕು. ಆ ಹತ್ತು ನಿಮಿಷ ಬಚ್ಚಲಿನಲ್ಲಿ ಬಿ.ಎಂ. ರಸ್ತೆ ಹೊಸದಾಗಿ ಹಾಕುತ್ತಿರುವ ವಾಸನೆ. ದಿಂಬಿನ ಕವರ್ ಹಳದಿ. ನಮ್ಮ ಯಜಮಾನರು ಮೊದಲ ವರ್ಷ ಮೂಗು ಮುಚ್ಚಿಕೊಂಡರು, ಈಗ ಆ ವಾಸನೆ ಇಲ್ಲದಿದ್ದರೆ ಊರಿಗೆ ಹೋಗಿದ್ದೀಯಾ ಅಂತ ಕೇಳುತ್ತಾರೆ. ಗೋಕರ್ಮನ್ ಅನ್ನುವ ಅಮೆರಿಕದ ಡಾಕ್ಟರು 1925ರಲ್ಲೇ ಟಾರ್ ಹಚ್ಚಿ ಮೇಲೆ ನೇರಳಾತೀತ ಬೆಳಕು ಬಿಡುವ ಚಿಕಿತ್ಸೆ ಬರೆದಿಟ್ಟಿದ್ದರು. ಅದನ್ನು ನೋಡಿ ನೀವು ಟಾರ್ ಹಚ್ಚಿಕೊಂಡು ಬಿಸಿಲಲ್ಲಿ ಕೂರಬೇಡಿ, ಚರ್ಮ ಸುಡುತ್ತದೆ. ಟಾರ್ ಇಲ್ಲದ ದಿನ ಬೆಳಗಿನ ಎಳೆ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕೂತರೆ ಹಿತ. ಆದರೆ ಜುಲೈಯಲ್ಲಿ ಸಕಲೇಶಪುರದ ಕಡೆಯವರಿಗೆ ಈ ಸಲಹೆ ಕೊಟ್ಟು ನೋಡಿ, ಛತ್ರಿ ತಗೊಂಡು ಹೊಡೆಯುತ್ತಾರೆ.

ಇಷ್ಟೇ ನನ್ನ ದಿನಚರಿ. ಮೊಣಕೈ, ಮಂಡಿ, ತಲೆ ಇಷ್ಟರಲ್ಲೇ ಇರುವ ಸೋರಿಯಾಸಿಸ್ಸಿಗೆ ಸಾಕಾಗುತ್ತದೆ, ಒಂದು ಸಲ ಡಾಕ್ಟರು ನೋಡಿ ಅದೇ ಅಂತ ಹೇಳಿದ ಮೇಲೆ. ಫಲ ಕಾಣಲು ವಾರಗಟ್ಟಲೆ ಬೇಕು. ಬೆಳಗ್ಗೆ ಎದ್ದಾಗ ಬೆರಳ ಗೆಣ್ಣು ಬಿಗಿದಿದ್ದರೆ, ಒಂದು ಬೆರಳು ಪೂರ್ತಿ ಊದಿದ್ದರೆ, ಮೈಯೆಲ್ಲ ಹಬ್ಬಿದರೆ, ಕೀವು ಜ್ವರ ಬಂದರೆ ಈ ಡಬ್ಬಗಳನ್ನೆಲ್ಲ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಓಡಿ. ಈ ಕಾಯಿಲೆ ಕೆಲವರಲ್ಲಿ ಕೀಲಿಗೂ ಇಳಿಯುತ್ತದೆ, ತಡ ಮಾಡಿದರೆ ಕೀಲು ಹಾಳಾಗುತ್ತದೆ.

ಇದನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿದರೆ ವಾದ ಶುರು. "ಹಳ್ಳಿಯವರು ಒಂದು ದಿನದ ಕೂಲಿ ಬಿಟ್ಟು ಬಂದು ಚರ್ಮದ ಡಾಕ್ಟರ ಹತ್ತಿರ ಕಾಯಬೇಕಾ? ಮೆಡಿಕಲ್ಸಿನವರೇ ಬಡವರ ಡಾಕ್ಟರು ಕಣ್ರೀ." ಈ ಮಾತಿನಲ್ಲಿ ಸತ್ಯ ಇದೆ, ಇಲ್ಲ ಅನ್ನುವುದಿಲ್ಲ. ನಾನೂ ಆ ಸಾಲಿನಲ್ಲಿ ಕಾದವಳೇ. ಆದರೆ ಬಡವರ ಡಾಕ್ಟರು ಬಡವರಿಗೆ ಅತಿ ಜೋರಿನ ಟ್ಯೂಬನ್ನೇ ಯಾಕೆ ಕೊಡಬೇಕು? ಜೆಲ್ಲಿ ಡಬ್ಬ ಯಾಕೆ ಕೊಡಬಾರದು? "ಇದು ಹುಳುಕಡ್ಡಿ ಥರ ಕಾಣಲ್ಲ ಕಣಪ್ಪ, ಸದ್ಯಕ್ಕೆ ಇದನ್ನ ಹಚ್ಚು, ಮುಂದಿನ ವಾರ ಹಿಮ್ಸ್‌ನಲ್ಲಿ ತೋರಿಸು" ಅನ್ನಲು ಎಷ್ಟು ಹೊತ್ತು ಬೇಕು? ಹಿಮ್ಸ್ ಅಂದರೆ ನಮ್ಮ ಊರಲ್ಲೇ ಇರುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ. ಇನ್ನೊಬ್ಬರು, "ನಾವು ಕೊಡದಿದ್ದರೆ ಪಕ್ಕದ ಅಂಗಡಿಯವರು ಕೊಡ್ತಾರೆ ಅಂತಾರೆ ಅವರು" ಅಂದರು. ಹೌದು, ಹೋಮ್‌ವರ್ಕ್ ಕಾಪಿ ಹೊಡೆದ ಹುಡುಗರೂ ನನಗೆ ಇದನ್ನೇ ಹೇಳುವುದು.

ಬೀರುವಿನ ಸೀರೆ ಅಡಿಯಲ್ಲಿ ನನ್ನದೂ ಒಂದು ಹಳೇ ಟ್ಯೂಬು ಇದೆ. ಡೇಟ್ ಮುಗಿದು ವರ್ಷಗಳಾಗಿವೆ. ಬಿಸಾಕಿಲ್ಲ. ಯಾಕೆ ಅಂತ ಕೇಳಬೇಡಿ. ಮದುವೆ ಕಾರ್ಡು ಬಂದಾಗಲೆಲ್ಲ ಒಮ್ಮೆ ಅದು ಅಲ್ಲೇ ಇದೆಯಾ ಅಂತ ಮುಟ್ಟಿ ನೋಡುತ್ತೇನೆ.

ಶಾಂಪೂ ನಾಡಿದ್ದು ಬರುತ್ತದಂತೆ. ತರಲು ಹೋಗುವಾಗ ಗಿಡ್ಡ ತೋಳಿನ ಬ್ಲೌಸ್ ಹಾಕಿಕೊಂಡು ಹೋಗಬೇಕು ಅಂದುಕೊಂಡಿದ್ದೇನೆ. ಕೌಂಟರ್ ಮೇಲೆ ಮೊಣಕೈ ಊರಿ ನಿಂತು, ಮೂರು ವರ್ಷ ನಿಮ್ಮಂಥವರು ಕೊಟ್ಟ ಟ್ಯೂಬಿನ ಕಥೆಯನ್ನು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ. ಹೇಳುತ್ತೇನೋ ಇಲ್ಲವೋ, ಗಿಡ್ಡ ತೋಳಿನ ಬ್ಲೌಸ್ ಇದೆಯಾ ಅಂತಲೇ ಮೊದಲು ಹುಡುಕಬೇಕು.

ಅಮ್ಮ ಬಚ್ಚಲಿನಿಂದ ಕೂಗುತ್ತಿದ್ದಾಳೆ, ನೀರು ಕುದೀತಾ ಇದೆ ಬಾ ಅಂತ. ಕುದಿಯುವ ನೀರು ನನಗೆ ಆಗುವುದಿಲ್ಲ ಅಂತ 19 ವರ್ಷದಿಂದ ಹೇಳುತ್ತಿದ್ದೇನೆ.