ಅಪ್ಪ ‘ಇಟ್ಕೋ ಹೋಗು’ ಅಂದದ್ದೇ ತಪ್ಪಾಯಿತಾ?

ನಮ್ಮ ಹೊಲದ ಒತ್ತುವರಿ ಕೇಸಿಗೆ ನಿನ್ನೆ ಮತ್ತೆ ವಾಯಿದೆ ಇತ್ತು. ಬೆಳಿಗ್ಗೆ ಐದೂವರೆಗೆ ಬೆಂಗಳೂರು ಬಿಟ್ಟು, ಊರಿಗೆ ಹೋಗಿ ಅಮ್ಮನನ್ನು ಕರೆದುಕೊಂಡು, ಹತ್ತೂವರೆಗೆ ಕೋರ್ಟ್ ಮುಂದೆ ನಿಂತೆವು. ನಮ್ಮ ಕೇಸು ಕೂಗಿದ್ದು ಮಧ್ಯಾಹ್ನ ಮೂರು ಗಂಟೆಗೆ. ಎದುರು ಪಾರ್ಟಿಯ ವಕೀಲರು ಇನ್ನೂ ಸಮಯ ಬೇಕು ಎಂದರು. ಕೊಟ್ಟರು. ಅಷ್ಟೇ. ಅದಕ್ಕೆ ನನ್ನ ಒಂದು ದಿನದ ರಜೆ ಹೋಯಿತು. ಮಂಡಿನೋವಿನ ಅಮ್ಮ ನಾಲ್ಕೂವರೆ ಗಂಟೆ ಮರದ ಬೆಂಚಿನ ಮೇಲೆ ಕೂತಿದ್ದರು. ರಾತ್ರಿಯೆಲ್ಲ ನನಗೆ ನಿದ್ದೆ ಬರಲಿಲ್ಲ. ಎಲ್ಲಾದರೂ ಹೇಳಿಕೊಳ್ಳದಿದ್ದರೆ ಹೊಟ್ಟೆಯೊಳಗಿನ ಸಂಕಟ ಇಳಿಯಲ್ಲ.

ತುಮಕೂರು ಕಡೆ ನಮ್ಮದು 2 ಎಕರೆ 10 ಗುಂಟೆ ಹೊಲ. ಅಪ್ಪ ದುಡಿದು ಕ್ರಯಕ್ಕೆ ತೆಗೆದುಕೊಂಡದ್ದು. ರಿಜಿಸ್ಟರ್ ಆದ ಕ್ರಯಪತ್ರ ಇದೆ. ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ ವಿವರ, ಸರಿಯಾಗಿದೆ. ಅಳತೆ ಮಾಡಿ ನಮ್ಮ ಭಾಗವನ್ನು ಬೇರೆ ಮಾಡುವ ಪೋಡಿಯೂ ಆಗಿದೆ. 2019ರಲ್ಲಿ ಅಪ್ಪ ತೀರಿಕೊಂಡರು. ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿದ ಮೇಲೆ ಪಹಣಿಯಲ್ಲಿ ಅಮ್ಮ, ಅಕ್ಕ ಮತ್ತು ನನ್ನ ಹೆಸರು ಬಂತು. ಕಂದಾಯ ಒಂದು ವರ್ಷವೂ ಬಾಕಿ ಇಟ್ಟಿಲ್ಲ. ಇದಕ್ಕಿಂತ ಗಟ್ಟಿ ದಾಖಲೆ ಇನ್ನೇನು ಬೇಕು ಅಂದುಕೊಂಡಿದ್ದೆ.

2006ರ ಡಿಸೆಂಬರ್‌ನಲ್ಲಿ ಪಕ್ಕದ ಹೊಲದವರು ಅಪ್ಪನ ಹತ್ತಿರ ಬಂದರು. ಅವರನ್ನು ನಾವು ಚಿಕ್ಕವರಿದ್ದಾಗಿನಿಂದ ಚಿಕ್ಕಪ್ಪ ಅಂತಲೇ ಕರೆಯುತ್ತಿದ್ದೆವು. ಅಕಾಲದ ಮಳೆ ಹಿಡಿದಿತ್ತು. ‘ಅಣ್ಣ, ರಾಗಿ ಹುಲ್ಲು ನೆನೀತಾ ಇದೆ, ನಿಮ್ಮ ಹೊಲದ ಅಂಚು ಎತ್ತರದಲ್ಲಿದೆ, ಬಣವೆ ಹಾಕ್ಕೊಳ್ಲಾ?’ ಎಂದರು. ಅಪ್ಪ ‘ಇಟ್ಕೋ ಹೋಗು’ ಎಂದರು. ಒಂದು ಹಾಳೆ ಬರೆಯಲಿಲ್ಲ, ಯಾರನ್ನೂ ಸಾಕ್ಷಿಗೆ ಕರೆಯಲಿಲ್ಲ. ಪಕ್ಕದ ಹೊಲದವನು ಮಳೆಯಲ್ಲಿ ನಿಂತು ಕೇಳುತ್ತಿರುವಾಗ ಯಾರು ತಾನೇ ಛಾಪಾಕಾಗದ ತರಿಸುತ್ತಾರೆ?

ಮುಂದಿನ ವರ್ಷ ಬಣವೆಯ ಪಕ್ಕಕ್ಕೆ ತಿಪ್ಪೆ ಬಂತು. ಆಮೇಲೆ ಎರಡು ದನ ಕಟ್ಟುವ ಗೂಟ. ಆಮೇಲೆ ಕಲ್ಲುಕಂಬ ನೆಟ್ಟು ಶೀಟು ಹಾಕಿದ ಕೊಟ್ಟಿಗೆ. ಅಪ್ಪ ನೋಡುತ್ತಲೇ ಇದ್ದರು. ‘ದನ ಪಾಪ, ಇರ್ಲಿ ಬಿಡು’ ಅನ್ನುತ್ತಿದ್ದರು. ಅಪ್ಪ ಹೋದ ಮೇಲೆ ತಂತಿಬೇಲಿಯೂ ಬಂತು. ಬೇಲಿ ಹಾಕಿದ್ದು ಬದುವಿನ ಮೇಲಲ್ಲ, ಬದು ದಾಟಿ ನಮ್ಮ ಕಡೆಗೆ.

2024ರಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡಿ ಎಂದು, ಅರ್ಜಿ ಹಾಕಿದೆ. ಅಕ್ಕಪಕ್ಕದವರಿಗೆಲ್ಲ ನೋಟಿಸ್ ಹೋಯಿತು. ಸರ್ವೇಯರ್ ಬಂದು ಹಳೆಯ ಟಿಪ್ಪಣಿ (ಸರ್ವೇ ಅಳತೆಯ ದಾಖಲೆ) ನೋಡಿ ಅಳೆದರು. ಒತ್ತುವರಿ 4 ಗುಂಟೆ 8 ಆಣೆ, ಅಂದರೆ ನಾಲ್ಕೂವರೆ ಗುಂಟೆ. ಗುಂಟೆಗೆ 1089 ಚದರ ಅಡಿಯಂತೆ ಲೆಕ್ಕ ಹಾಕಿದರೆ 4900 ಚದರ ಅಡಿ. ಬೆಂಗಳೂರಿನಲ್ಲಿ ನಾಲ್ಕು ಸೈಟು ಮಾಡುವಷ್ಟು ಜಾಗ! ಗುರುತು ಮಾಡಿ ಕಲ್ಲು ನೆಟ್ಟೆವು. ಒಂದೇ ವಾರದಲ್ಲಿ ಮೂರೂ ಕಲ್ಲು ಮಾಯ. ನಾನು ಚಿಕ್ಕಪ್ಪನನ್ನೇ ಕೇಳಲು ಹೋದೆ. ‘ಮದುವೆ ಮಾಡ್ಕೊಂಡು ಹೋದವಳು, ನಿಂಗ್ಯಾಕಮ್ಮ ಹೊಲದ ಉಸಾಬರಿ’ ಎಂದರು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದ ಮನುಷ್ಯ ಇವರು.

ಹದಿನೈದು ದಿನಕ್ಕೆ ಕೋರ್ಟಿನಿಂದ ಸಮನ್ಸ್ ಬಂತು. ಕೇಸು ಹಾಕಿದ್ದು ಅವರು! ಹನ್ನೆರಡು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಈ ಜಾಗ ನಮ್ಮ ಅನುಭವದಲ್ಲಿದೆ, ಪ್ರತಿಕೂಲ ಸ್ವಾಧೀನದಿಂದ (ಮಾಲೀಕರಿಗೆ ವಿರುದ್ಧವಾಗಿ ಇಷ್ಟು ವರ್ಷ ಕೂತದ್ದರಿಂದ) ನಾವೇ ಮಾಲೀಕರು ಎಂದು ಘೋಷಿಸಿ, ಇವರು ಕಾಲಿಡದಂತೆ ತಡೆಯಾಜ್ಞೆ ಕೊಡಿ ಎಂದು. ನಮ್ಮ ಹೊಲಕ್ಕೆ ನಾವು ಕಾಲಿಡಬಾರದಂತೆ.

ಅವತ್ತಿನಿಂದ ಈ ಕಾನೂನನ್ನು ಓದಿ ಓದಿ ತಲೆ ಕೆಟ್ಟಿದೆ. 1963ರ ಕಾಲಮಿತಿ ಕಾಯ್ದೆ ಹೇಳುವುದು ಇಷ್ಟು. ನಿಮ್ಮ ಜಾಗದಲ್ಲಿ ಇನ್ನೊಬ್ಬ ನಿಮಗೆ ವಿರುದ್ಧವಾಗಿ ಕೂತರೆ, 12 ವರ್ಷದೊಳಗೆ ನೀವು ದಾವೆ ಹಾಕಬೇಕು. ಹಾಕದಿದ್ದರೆ ನಿಮ್ಮ ಹಕ್ಕೇ ಹೋಗುತ್ತದೆ. ಅದೇ ಸರ್ಕಾರದ ಜಾಗವಾದರೆ 30 ವರ್ಷ. ತಹಶೀಲ್ದಾರರು, ಸರ್ವೇಯರ್, ಪೊಲೀಸ್ ಎಲ್ಲ ಕೈಯಲ್ಲಿರುವ ಸರ್ಕಾರಕ್ಕೆ 30, ಒಬ್ಬಂಟಿ ಅಮ್ಮನಿಗೆ 12. ಇದು ಯಾವ ನ್ಯಾಯ ಹೇಳಿ?

ಹೀಗೆ ಕೇಳುತ್ತಿರುವುದು ನಾನೊಬ್ಬಳೇ ಅಲ್ಲ. ಈ ಕಾನೂನಿಗೆ ತರ್ಕವಿಲ್ಲ, ವಿವೇಕವಿಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ಬದಲಾವಣೆಯ ಬಗ್ಗೆ ಯೋಚಿಸಿ ಎಂದು ಕೇಂದ್ರ ಸರ್ಕಾರಕ್ಕೂ ತಿಳಿಸಿತ್ತು. ಹದಿನೈದು ವರ್ಷ ಕಳೆದ ಮೇಲೆ, 2023ರಲ್ಲಿ, ಕಾನೂನು ಆಯೋಗ ತನ್ನ 280ನೇ ವರದಿಯಲ್ಲಿ ಏನೂ ಬದಲಾಯಿಸುವ ಅಗತ್ಯವಿಲ್ಲ ಎಂದುಬಿಟ್ಟಿತು. ಮೊದಲೆಲ್ಲ ಇದನ್ನು ಕೇಸು ಹಾಕಿಸಿಕೊಂಡವರು ರಕ್ಷಣೆಗೆ ಮಾತ್ರ ಹೇಳಬಹುದು, ತಾವೇ ಹೋಗಿ ಮಾಲೀಕತ್ವ ಕೇಳುವಂತಿಲ್ಲ ಎಂಬ ತೀರ್ಪುಗಳಿದ್ದವು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಸಡಿಲಿಸಿ, ವಾದಿಯಾಗಿಯೂ ಕೇಳಬಹುದು ಎಂದಿತು. ಅದಕ್ಕೇ ಇವತ್ತು ಒತ್ತುವರಿ ಮಾಡಿದವರು ವಾದಿ, ಹೊಲದ ಒಡೆಯರಾದ ನಾವು ಪ್ರತಿವಾದಿ.

ಹಾಗಂತ ಕಾನೂನು ಪೂರ್ತಿ ಅವರ ಕಡೆ ಇದೆ ಅಂದುಕೊಳ್ಳಬೇಡಿ. ನನಗೆ ಉರಿ ಹತ್ತುವುದು ಇಲ್ಲೇ. ಅನುಮತಿ ಪಡೆದು ಕೂತವರ ಸ್ವಾಧೀನ, ಆ ಅನುಮತಿಯ ಮೇಲೇ ಇರುವವರೆಗೆ, ಪ್ರತಿಕೂಲ ಆಗುವುದೇ ಇಲ್ಲ. ಹತ್ತಲ್ಲ, ಐವತ್ತು ವರ್ಷ ಕೂತರೂ ಅಷ್ಟೇ. ಬಲವಂತ ಇರಬಾರದು, ಕದ್ದುಮುಚ್ಚಿ ಇರಬಾರದು, ಮಾಲೀಕರ ಅನುಮತಿಯೂ ಇರಬಾರದು, ಆಗ ಮಾತ್ರ ಈ ಹಕ್ಕು. ಇದನ್ನೆಲ್ಲ ಸಾಬೀತು ಮಾಡುವ ಹೊಣೆ ಕೇಳಿದವರದ್ದು. ಇಷ್ಟಕ್ಕೂ ಈ ಹಕ್ಕು ಕೇಳಬೇಕಾದರೆ ಜಾಗದ ನಿಜವಾದ ಮಾಲೀಕರು ಇಂಥವರು ಎಂದು ಮೊದಲು ಒಪ್ಪಿಕೊಳ್ಳಬೇಕು. ಜಾಗ ನನ್ನದೇ ಎಂಬ ವಾದ, 12 ವರ್ಷ ಕೂತು ನನ್ನದಾಯಿತು ಎಂಬ ವಾದ, ಎರಡೂ ಒಟ್ಟಿಗೆ ನಿಲ್ಲಲ್ಲ ಎಂದು ಕರ್ನಾಟಕ ವಕ್ಫ್ ಮಂಡಳಿಯ ಪ್ರಕರಣದಲ್ಲಿ 2004ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಚಿಕ್ಕಪ್ಪ ಸರ್ವೇಯರ್ ಎದುರು ‘ಇದು ನಮ್ಮಜ್ಜನ ಜಾಗ’ ಎಂದರು. ಕೋರ್ಟಿನಲ್ಲಿ 12 ವರ್ಷದ ಕಥೆ ಹೇಳುತ್ತಿದ್ದಾರೆ.

ಅಪ್ಪ ತೀರಿಕೊಂಡಾಗ ಅವರು ಕೊಟ್ಟ ಅನುಮತಿಯೂ ಮುಗಿಯಿತು ಅಂತಲೇ ಇಟ್ಟುಕೊಳ್ಳಿ. 2019ರಿಂದ ಎಣಿಸಿದರೂ 12 ವರ್ಷ ಮುಗಿಯುವುದು 2031ಕ್ಕೆ. ಇಷ್ಟು ಸರಳ ಲೆಕ್ಕ.

ಆದರೆ ನಮ್ಮ ವಕೀಲರು ಕೇಳಿದ ಮೊದಲ ಪ್ರಶ್ನೆಯೇ ‘ಅಪ್ಪ ಅನುಮತಿ ಕೊಟ್ಟಿದ್ದಕ್ಕೆ ಕಾಗದ ಇದೆಯಾ?’ ಅಂತ. ಇಲ್ಲ. ಪಹಣಿ ತೋರಿಸಿದೆ. 9ನೇ ಕಾಲಂನಲ್ಲಿ ನಮ್ಮ ಹೆಸರು, 12ನೇ ಕಾಲಂನಲ್ಲಿ ಸಾಗುವಳಿಯೂ ನಮ್ಮದೇ. ಅದನ್ನು ಕೋರ್ಟ್ ನಿಜವೆಂದು ಭಾವಿಸುತ್ತದೆ, ಆದರೆ ಬೇರೆಯದು ಸಾಬೀತಾಗುವವರೆಗೆ ಮಾತ್ರ ಎಂದರು. ಹಾಗಾದರೆ ಸಾಕ್ಷಿ ಹುಡುಕಬೇಕು. ಅವತ್ತು ಅಪ್ಪನ ಜೊತೆ ಜಗಲಿ ಮೇಲೆ ಕೂತಿದ್ದ ಹಿರಿಯರೊಬ್ಬರು ಇನ್ನೂ ಇದ್ದಾರೆ. ಹೋಗಿ ಕೈ ಮುಗಿದು ಕೇಳಿದೆ. ‘ನೀವು ಬೆಂಗಳೂರಿಗೆ ಹೋಗ್ತೀರ. ನಾನು ದಿನಾ ಅವನ ಮುಖ ನೋಡ್ಬೇಕಲ್ಲವ್ವ’ ಎಂದು ಒಳಗೆ ಎದ್ದುಹೋದರು. ಊರಲ್ಲಿ ಎಲ್ಲರಿಗೂ ನಿಜ ಗೊತ್ತು. ಬಾಯಿ ಬಿಡುವವರು ಒಬ್ಬರೂ ಇಲ್ಲ. ಬದಲಿಗೆ ನಮಗೇ ಬುದ್ಧಿ ಹೇಳುತ್ತಾರೆ: ‘ನಾಲ್ಕು ಗುಂಟೆ ತಾನೆ, ಹೋಗ್ಲಿ ಬಿಡಿ.’ ಅವರ ಹೊಲದಲ್ಲಿ ನಾಲ್ಕು ಸಾಲು ಹೋದರೆ ಬಿಡುತ್ತಾರಾ?

ಯಾರಾದರೂ ನಿಮ್ಮ ಜಾಗ ಬಳಸಿಕೊಳ್ಳುತ್ತಿದ್ದರೆ ದಯವಿಟ್ಟು ಇವತ್ತೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಯಾವ ತಾರೀಕು, ಯಾವ ಜಾಗ, ನಿಮ್ಮ ಒಪ್ಪಿಗೆಯ ಮೇಲೆ ಎಂದು ಬರೆದು ಅವರ ಸಹಿ. ಅಣ್ಣತಮ್ಮಂದಿರಾದರೂ ಸರಿ. ಇದನ್ನು ಬರೆಯುವಾಗ ನನಗೆ ನಾಚಿಕೆ ಆಗುತ್ತಿದೆ, ಯಾಕೆಂದರೆ ಅಪ್ಪ ಬದುಕಿದ್ದರೆ ಇಂಥ ಮಾತಿಗೆ ನನ್ನನ್ನು ಬೈಯುತ್ತಿದ್ದರು. ಆದರೆ ಆ ಒಂದು ಹಾಳೆ ಇಲ್ಲದ್ದಕ್ಕೆ ಅಪ್ಪನ ಒಳ್ಳೆಯತನವನ್ನೇ ಕೋರ್ಟಿನಲ್ಲಿ ಕಪ್ಪು ಕೋಟಿನವರೊಬ್ಬರು ‘ಮಾಲೀಕರ ನಿರ್ಲಕ್ಷ್ಯ’ ಎಂದು ಓದಿದರು. ಅಮ್ಮ ಪಕ್ಕದಲ್ಲೇ ಕೂತಿದ್ದರು.

ಇನ್ನು ಉಳಿದ ಸಾಕ್ಷಿ ಅಮ್ಮ ಒಬ್ಬರೇ. ಅವರಿಗೆ 68 ವರ್ಷ. ಕಟಕಟೆ ಹತ್ತಿದವರಲ್ಲ. ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ‘ಜಡ್ಜ್ ಮುಂದೆ ಏನು ಹೇಳ್ಬೇಕು?’ ಎಂದು ಕೇಳಿದರು. ಏನು ನಡೆಯಿತೋ ಅದನ್ನೇ ಹೇಳಮ್ಮ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಅವತ್ತು ಪೂರ್ತಿ ನೆಂದು ಬಂದಿದ್ದ. ತಲೆ ಒರೆಸ್ಕೊಳ್ಳೋಕೆ ನಾನೇ ಟವೆಲ್ ಕೊಟ್ಟಿದ್ದೆ. ಇದನ್ನೂ ಹೇಳ್ಲಾ?’