ಬೊಜ್ಜು, ಸಕ್ಕರೆ ಕಾಯಿಲೆಯ ಚಿಕಿತ್ಸೆ ಕರುಳಿನ ಬ್ಯಾಕ್ಟೀರಿಯಾದಿಂದ ಶುರುವಾಗಬೇಕೇ?

ಪರ

ಒಂದೂ ಸೂಕ್ಷ್ಮಾಣು ತಗುಲದಂತೆ ಬೆಳೆಸಿದ ಇಲಿಗಳಿಗೆ 2004ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಗಾರ್ಡನ್ ತಂಡ ಸಾಮಾನ್ಯ ಇಲಿಗಳ ಕರುಳಿನ ಬ್ಯಾಕ್ಟೀರಿಯಾ ಸೇರಿಸಿತು. ಎರಡೇ ವಾರದಲ್ಲಿ ಮೈಕೊಬ್ಬು ಸುಮಾರು ಶೇ. 60ರಷ್ಟು ಏರಿತು, ತಿಂದದ್ದು ಮಾತ್ರ ಮೊದಲಿಗಿಂತ ಕಡಿಮೆ! ಮನುಷ್ಯರಲ್ಲೂ ಸುಳಿವಿದೆ. 2012ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತೆಳ್ಳಗಿನವರ ಮಲದ ಬ್ಯಾಕ್ಟೀರಿಯಾ ಪಡೆದ ಬೊಜ್ಜಿನ ಗಂಡಸರಲ್ಲಿ ಆರು ವಾರಕ್ಕೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು.

ನಮಗೆ ಅರಗದ ನಾರು ದೊಡ್ಡ ಕರುಳಿಗೆ ಇಳಿದಾಗ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರು ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಇವು ತಾಗಿದರೆ ಕರುಳಿನ ಎಲ್ ಕೋಶಗಳು ಜಿಎಲ್‌ಪಿ-1 ಹಾರ್ಮೋನು ಬಿಡುತ್ತವೆ. ಹಸಿವು ತಗ್ಗಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದು ಅನುಕರಿಸುವುದೂ ಇದನ್ನೇ.

ಹಾಗಾಗಿ ಮೊದಲು ತಟ್ಟೆ ಬದಲಾಗಲಿ. ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಸಿಗುವುದು ಸುಮಾರು 3 ಗ್ರಾಂ, ರಾಗಿಯಲ್ಲಿ 11. ಒಮ್ಮೆಲೇ ಏರಿಸಿದರೆ ಹುದುಗಿದ ಗ್ಯಾಸ್ ತುಂಬಿ ಹೊಟ್ಟೆ ಉಬ್ಬರಿಸುತ್ತದೆ, ಜನ ಮೂರೇ ದಿನಕ್ಕೆ ಕೈಬಿಡುತ್ತಾರೆ. ವಾರಕ್ಕೆ 4–5 ಗ್ರಾಂನಂತೆ ಹೆಚ್ಚಿಸಿ, ನೀರು ಜಾಸ್ತಿ ಕುಡಿಯಿರಿ. ಹುರುಳಿ, ಅಲಸಂದೆ ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿದರೆ ಗ್ಯಾಸ್ ಕಡಿಮೆ.

ವಿರೋಧ

ಆಮ್‌ಸ್ಟರ್‌ಡ್ಯಾಮ್ ಕತೆಯ ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. ಅದೇ ತಂಡ 38 ಮಂದಿಯ ಮೇಲೆ ಮತ್ತೆ ನಡೆಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಆರನೇ ವಾರದ ಸುಧಾರಣೆ ಹದಿನೆಂಟನೇ ವಾರಕ್ಕೆ ಮಾಯ, ಹಳೆಯ ಬ್ಯಾಕ್ಟೀರಿಯಾಗಳೇ ಮತ್ತೆ ತಳವೂರಿದ್ದವು. ತೂಕವಂತೂ ಇಳಿಯಲೇ ಇಲ್ಲ.

ಮಧುಮೇಹಿಗಳ ಕರುಳಿನ ಬ್ಯಾಕ್ಟೀರಿಯಾಗಳೇ ಬೇರೆ ಎನ್ನುವ ವಾದಕ್ಕೂ ಬುಡ ಗಟ್ಟಿಯಿಲ್ಲ. ಇದನ್ನು ಹುಡುಕಿದ ಚೀನಾ ಮತ್ತು ಸ್ವೀಡನ್ ಅಧ್ಯಯನಗಳು ಒಂದಕ್ಕೊಂದು ತಾಳೆಯಾಗಲಿಲ್ಲ. 2015ರ ಮರುವಿಶ್ಲೇಷಣೆ ಗಂಟು ಬಿಡಿಸಿತು: ವ್ಯತ್ಯಾಸದ ದೊಡ್ಡ ಪಾಲು ಕಾಯಿಲೆಯದ್ದಲ್ಲ, ಸಕ್ಕರೆ ಇಳಿಸಲು ರೋಗಿಗಳು ನುಂಗುತ್ತಿದ್ದ ಮೆಟ್‌ಫಾರ್ಮಿನ್‌ನದ್ದು. ಈ ಮಾತ್ರೆಯಿಂದ ಎಶರಿಕಿಯಾ ಎಂಬ ಬ್ಯಾಕ್ಟೀರಿಯಾ ಹೆಚ್ಚಿ, ಇಂಟೆಸ್ಟಿನಿಬ್ಯಾಕ್ಟರ್ ಎಂಬುದು ಕುಗ್ಗುತ್ತದೆ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ದುಡ್ಡು ಸುರಿದು ಕಿಟ್‌ನಲ್ಲಿ ಮಲ ಪರೀಕ್ಷೆ ಮಾಡಿಸಿದರೆ ವರದಿಯಲ್ಲಿ ಕಾಣುವುದು ಮಾತ್ರೆಯ ಗುರುತೂ ಆಗಿರಬಹುದು.

ನಾರು ತಿನ್ನಿ, ತಕರಾರಿಲ್ಲ. ಆದರೆ ಅದರ ಲಾಭಕ್ಕೆಲ್ಲ ಬ್ಯಾಕ್ಟೀರಿಯಾ ಬೇಕಿಲ್ಲ. ಮೆಂತ್ಯ, ಓಟ್ಸ್‌ನ ಲೋಳೆನಾರು ಸಣ್ಣ ಕರುಳಿನಲ್ಲೇ ಗ್ಲೂಕೋಸ್ ರಕ್ತಕ್ಕೆ ಸೇರುವುದನ್ನು ನಿಧಾನಿಸುತ್ತದೆ. ರಾಗಿ ಕರುಳಿಗೆ ಒಳ್ಳೆಯದೆಂದು ಎರಡು ದಪ್ಪ ಮುದ್ದೆ ಇಳಿಸುವವರು ನೆನಪಿಡಬೇಕು: ನೂರು ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರಿನ ಜೊತೆಗೆ ಸುಮಾರು 67 ಗ್ರಾಂ ಕಾರ್ಬೊಹೈಡ್ರೇಟ್ ಇದೆ. ಉಂಡ ಎರಡು ಗಂಟೆಗೆ ಗ್ಲೂಕೋಮೀಟರ್‌ನಲ್ಲಿ ನೋಡಿ, ಮುದ್ದೆಯ ಗಾತ್ರ ಆಗ ನಿರ್ಧರಿಸಿ.